ಅಣ್ಣ ಬಿಟ್ಟುಹೋದ ನಾಲ್ಕು ಭಾನುವಾರ

ಕೊಪ್ಪಳದಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಭಾಷಣಕ್ಕೂ ನನಗೂ ಸಂಬಂಧ ಇರಲಿಲ್ಲ. ಅದೇನಿದ್ದರೂ ಅಣ್ಣನ ಹುಚ್ಚು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು, ಪ್ರತಿ ತಿಂಗಳ ಎರಡನೇ ಭಾನುವಾರ ಸಂಜೆ ಐದೂವರೆಗೆ ಒಂದು ಉಪನ್ಯಾಸ ಇಡಿಸುತ್ತಿದ್ದ. ಕೊರೊನಾ ಕಾಲ ಬಿಟ್ಟರೆ 11 ವರ್ಷ ತಪ್ಪಿಸಲಿಲ್ಲ. ಅಷ್ಟು ವರ್ಷದಲ್ಲಿ ನಾನು ಹೋಗಿದ್ದು ಮೂರು ಸಲ. ಅದರಲ್ಲಿ ಒಂದು ಸಲ ಮನೆ ಕೀಲಿಕೈ ಇಸಿದುಕೊಳ್ಳಲು. "ಕೇಳೋರು ನಲವತ್ತು ಮಂದಿ, ಖರ್ಚು ಮೂರು ಸಾವಿರ. ಇದ್ಯಾವ ಲೆಕ್ಕ ಅಣ್ಣಾ?" ಅಂತ ನಾನು ಕೇಳುತ್ತಿದ್ದೆ. "ನಿನ್ನ ಲೆಕ್ಕ ಅಲ್ಲ ಬಿಡು" ಅಂತ ಅವನು ನಗುತ್ತಿದ್ದ.

ಜುಲೈ ಮೊದಲ ವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಣ್ಣ ಹೋದ. ಅಂಗಡಿ ಮುಂದೆ ಯೂರಿಯಾಕ್ಕೆ ಸಾಲು ನಿಂತಿದ್ದ ದಿನ. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆಮೇಲಿನ ಎಂಟು ತಿಂಗಳಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹಿರಿಯರು ಯಾರಾದರೂ ಇಂಥದ್ದೊಂದು ಕಾರ್ಯಕ್ರಮ ಒಬ್ಬರೇ ನಡೆಸುತ್ತಿದ್ದರೆ ಓದಿ. ಅವರು ಇರುವಾಗಲೇ ಓದಿದರೆ ಇನ್ನೂ ಒಳ್ಳೆಯದು.

ಮಣ್ಣು ಮಾಡಿ ಬಂದು ಎಂಟು ದಿನ ಆಗಿರಲಿಲ್ಲ. ಭಾನುವಾರ ಸಂಜೆ ಶಾಲೆಯ ಕಾವಲುಗಾರ ಫೋನ್ ಮಾಡಿದ. "ಸಾವ್ಕಾರ್ರ, ಮಂದಿ ಬಂದು ಕುಂತಾರ. ಗೇಟ್ ತೆಗೀಲೇನ್ರಿ?" ಅವತ್ತು ಎರಡನೇ ಭಾನುವಾರ ಅನ್ನುವುದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಮಾತಾಡಬೇಕಾದವರಿಗೆ ಮಾತ್ರ ಯಾರೋ ಸುದ್ದಿ ಮುಟ್ಟಿಸಿದ್ದರು, ಅವರು ಬಂದಿರಲಿಲ್ಲ. ನಾನು ಹೋಗಿ ನೋಡಿದರೆ ಬೇವಿನ ಮರದ ಕಟ್ಟೆ ಮೇಲೆ, ಬೈಕಿನ ಮೇಲೆ 31 ಜನ. ಅರ್ಧ ಜನಕ್ಕೆ ಅಣ್ಣ ಹೋದದ್ದೇ ಗೊತ್ತಿಲ್ಲ. ಭಾಗ್ಯನಗರದಿಂದ ನಡೆದುಕೊಂಡು ಬಂದಿದ್ದ ಒಬ್ಬ ಅಜ್ಜ ಸುದ್ದಿ ಕೇಳಿ, ಕೈಚೀಲದಲ್ಲಿದ್ದ ನೋಟ್‌ಬುಕ್ಕನ್ನು ತೆಗೆದು ಮತ್ತೆ ಒಳಗಿಟ್ಟ. ನನಗೆ ಏನು ಮಾಡಬೇಕು ತಿಳಿಯಲಿಲ್ಲ. ಎಲ್ಲರಿಗೂ ಚಹಾ ಹೇಳಿದೆ. 310 ರೂಪಾಯಿ. ಅಣ್ಣನ ಕಾರ್ಯಕ್ರಮಕ್ಕೆ ನಾನು ಮಾಡಿದ ಮೊದಲ ಖರ್ಚು ಅದು.

ಸುದ್ದಿ ಯಾಕೆ ಮುಟ್ಟಿರಲಿಲ್ಲ ಅಂದರೆ, ಅಣ್ಣನ ವಾಟ್ಸಾಪ್ ಗುಂಪು. 212 ಜನ ಇದ್ದಾರೆ, ಅಡ್ಮಿನ್ ಒಬ್ಬನೇ. ಬೆಳಿಗ್ಗೆ ಎದ್ದರೆ ಶುಭೋದಯದ ಹೂವಿನ ಚಿತ್ರ ಹಾಕುವವರ ಕಾಟ ತಾಳದೆ, ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದಂತೆ ಸೆಟ್ಟಿಂಗ್ ಮಾಡಿಟ್ಟಿದ್ದ. ಅವನ ಫೋನಿಗೆ ಪ್ಯಾಟರ್ನ್ ಲಾಕ್. ಅತ್ತಿಗೆಗೆ ಅದು ಗೊತ್ತಿಲ್ಲ. ಮಕ್ಕಳಿಬ್ಬರೂ ಗೊತ್ತಿದ್ದ ಗೆರೆಯೆಲ್ಲ ಎಳೆದು ನೋಡಿದರು. 212 ಜನರ ಗುಂಪು ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು.

ದಾರಿ ತೋರಿಸಿದ್ದು ನಮ್ಮ ಅಂಗಡಿಯ ಹುಡುಗ. ಫೋನ್ ತೆರೆಯುವುದೇ ಬೇಡ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಅಂದ. ಅತ್ತಿಗೆಯ ಎದುರಿಗೇ ಹಾಕಿದೆವು. ಒಟಿಪಿ ಬಂತು, ವಾಟ್ಸಾಪ್ ತೆರೆಯಿತು. ಹಳೆಯ ಮಾತುಕತೆ ಒಂದೂ ಇರಲಿಲ್ಲ, ಗುಂಪು ಮಾತ್ರ ಹಾಗೇ ಇತ್ತು. ಒಟಿಪಿ ಆದ ಮೇಲೆ ವಾಟ್ಸಾಪ್ ಕೇಳುವ ಎರಡನೇ ಪಿನ್ ಅಣ್ಣ ಇಟ್ಟಿರಲಿಲ್ಲ, ಅದು ನಮ್ಮ ಪುಣ್ಯ. ಇಟ್ಟಿದ್ದರೆ ಅಲ್ಲೂ ಗೋಡೆ. ನೀವು ಹೀಗೆ ಮಾಡುವುದಾದರೆ ಮೊದಲು ಆ ನಂಬರಿಗೆ ರೀಚಾರ್ಜ್ ಮಾಡಿಸಿ. ಮೂರು ತಿಂಗಳು ಬಳಸದೆ ಬಿಟ್ಟರೆ ಕಂಪನಿಯವರು ನಂಬರ್ ಬಂದ್ ಮಾಡಬಹುದು, ಆಮೇಲೆ ಅದು ಯಾರ ಪಾಲಾಗುತ್ತದೋ. ಮರಣ ಪ್ರಮಾಣಪತ್ರ ಬಂದ ಮೇಲೆ ಸಿಮ್ಮನ್ನು ಮನೆಯವರ ಹೆಸರಿಗೆ ಮಾಡಿಸಿಕೊಳ್ಳಿ.

ಆದರೆ ಒಂದು ತಪ್ಪು ಮಾಡಿದೆವು. ನಮಗೆ ಹೊಳೆಯಲೇ ಇಲ್ಲ. ವಾಟ್ಸಾಪ್ ತೆರೆದ ಕೂಡಲೇ ಅಣ್ಣನ ಫೋಟೋದ ಪಕ್ಕ ಆನ್‌ಲೈನ್ ಅಂತ ಬಂದಿದೆ. ನೋಡಿದವರು ನೋಡಿದರು. ನಾಲ್ಕೇ ನಿಮಿಷದಲ್ಲಿ ಅತ್ತಿಗೆಯ ಫೋನಿಗೆ ಮೂರು ಕರೆ. ಒಬ್ಬರಂತೂ, "ಅಕ್ಕಾರ, ಮಾಸ್ತರ್ರು ಆನ್‌ಲೈನ್ ಬಂದಾರ್ರಿ" ಅಂತ ಹೇಳಿ ಮುಂದೆ ಮಾತೇ ಆಡಲಿಲ್ಲ. ಅತ್ತಿಗೆ ನಕ್ಕರು, ಆಮೇಲೆ ಅಡುಗೆಮನೆಗೆ ಹೋಗಿ ತುಂಬಾ ಹೊತ್ತು ಹೊರಗೆ ಬರಲಿಲ್ಲ. ಮೊದಲೇ ನಾಲ್ಕು ಜನಕ್ಕೆ ತಿಳಿಸಿ ತೆರೆಯಬೇಕಿತ್ತು. ಅಷ್ಟು ಬುದ್ಧಿ ನಮಗೆ ಇರಲಿಲ್ಲ.

ಮುಂದೆ ನಡೆಸಬೇಕು ಅಂತ ನಾನು ನಿರ್ಧಾರ ಮಾಡಿದ್ದು ಅಂತ ಎಲ್ಲರೂ ಹೊಗಳುತ್ತಾರೆ. ಅಂಥದ್ದೇನೂ ಆಗಲಿಲ್ಲ. ಕಪಾಟಿನಲ್ಲಿ ಅಣ್ಣನ ಉದ್ದನೆ ಲೆಕ್ಕದ ಪುಸ್ತಕ ಸಿಕ್ಕಿತು. ಅವನು ಕೊಪ್ಪಳ ಜಿಲ್ಲೆಯ ಮೇಲೇ 12 ಉಪನ್ಯಾಸ ಹಾಕಿಕೊಂಡಿದ್ದ. ಮೊದಲನೆಯದು ಕವಿರಾಜಮಾರ್ಗದಲ್ಲಿ ಬರುವ 'ಮಹಾಕೋಪಣನಗರ'. ಎಂಟು ಮುಗಿದಿದ್ದವು, ಅದರ ಮುಂದೆ ಕೆಂಪು ಶಾಯಿಯ ಗುರುತು. ನಾಲ್ಕು ಉಳಿದಿದ್ದವು: ಅಶೋಕನ ಶಾಸನ, ಇಟಗಿಯ ಗುಡಿ, ಹಿರೇಬೆಣಕಲ್ಲಿನ ಶಿಲಾಗೋರಿ, ಕಿನ್ನಾಳದ ಗೊಂಬೆ. ಅಂಗಡಿಯವನಿಗೆ ಅರ್ಧ ಬಿಟ್ಟ ಲೆಕ್ಕ ಕಂಡರೆ ಆಗುವುದಿಲ್ಲ. ನಾಲ್ಕು ಮುಗಿಸಿ ಪುಸ್ತಕ ಮುಚ್ಚೋಣ ಅಂತ ಶುರು ಮಾಡಿದೆ, ಅಷ್ಟೇ.

ಆ ಪುಸ್ತಕದಲ್ಲಿ ಮಾತಾಡಿದವರ ಬಗ್ಗೆ ಒಂದೊಂದು ಸಾಲು ಬರೆದಿದ್ದ. "ವಿಷಯ ಗಟ್ಟಿ. ಮೈಕ್ ಬಿಡುವುದಿಲ್ಲ." "ಸಕ್ಕರೆ ಹಾಕದ ಚಹಾ, ಮರೆಯಬಾರದು." "ಬಸ್ಸಿನ ಖರ್ಚು ತಗೊಳ್ಳೋದಿಲ್ಲ, ಮಗಳ ಕೈಗೆ ಕೊಡಬೇಕು." ಒಬ್ಬರ ಹೆಸರಿನ ಮುಂದೆ ಬರೀ "ಬೇಡ". ಯಾಕೆ ಬೇಡ ಅಂತ ಬರೆದಿರಲಿಲ್ಲ. ಇಂಥ ಪುಸ್ತಕ ನಿಮ್ಮ ಮನೆಯವರು ಇಟ್ಟಿದ್ದರೆ ನಿಮ್ಮ ಅರ್ಧ ಕೆಲಸ ಆದಂತೆ. ಇಟ್ಟಿಲ್ಲದಿದ್ದರೆ ಇವತ್ತೇ ಒಂದು ನೋಟ್‌ಬುಕ್ ತಂದುಕೊಡಿ.

ಇನ್ನು ಕಾಗದಪತ್ರದ ಕಥೆ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಕೊಪ್ಪಳದಲ್ಲಿ ಎರಡು ದಿನ ಕಚೇರಿ ಸುತ್ತಿ, ಆಮೇಲೆ ಹುಬ್ಬಳ್ಳಿ ರೈಲು ಹತ್ತಿದೆ. 21 ದಿನದ ಒಳಗೆ ನೋಂದಣಿಯಾದರೆ ದಂಡ-ಗಿಂಡ ಏನಿಲ್ಲ. ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯವರೇ ವಿವರ ಕಳಿಸುತ್ತಾರೆ. ಆದರೆ ಅವರು ತುಂಬುವ ಫಾರಂ ಮೇಲೆ ಸಹಿ ಹಾಕುವ ಮುಂಚೆ ಹೆಸರಿನ ಅಕ್ಷರ ಒಂದೊಂದಾಗಿ ನೋಡಿ. ಆ ಹೊತ್ತಿಗೆ ಕಣ್ಣು ಕಾಣುವುದಿಲ್ಲ, ನನಗೆ ಗೊತ್ತು. ಜೊತೆಗೆ ಬಂದ ಹೊರಗಿನವರು ಯಾರಿಗಾದರೂ ತೋರಿಸಿ. ನಮ್ಮದರಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್. ಅಷ್ಟಕ್ಕೆ ಒಂದು ಅಫಿಡವಿಟ್ಟು, ಎರಡು ಸಲ ಓಡಾಟ.

ಬ್ಯಾಂಕಿನಲ್ಲಿ ಇದ್ದದ್ದು 41,300 ರೂಪಾಯಿ. ದುಡ್ಡು ಅಣ್ಣನದಲ್ಲ, ಹತ್ತು ವರ್ಷದಲ್ಲಿ ಮಂದಿ ಕೊಟ್ಟದ್ದು. ಆದರೆ ಖಾತೆ ಅಣ್ಣ ಮತ್ತು ಅವನ ಹಳೆಯ ಸಹೋದ್ಯೋಗಿ, ಇಬ್ಬರ ಹೆಸರಿನಲ್ಲಿ. ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ಅನ್ನುವ ಷರತ್ತು. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರೀ ಚೆಕ್ ಬರೆದು ತರುವ ಹಾಗಿಲ್ಲ. ಹೋದವರ ವಾರಸುದಾರರೆಲ್ಲ ಸಹಿ ಮಾಡಬೇಕು ಅಂದರು. ಅಣ್ಣನ ಮಗಳು ಬೆಂಗಳೂರಿನಲ್ಲಿ, ಮಗ ಪುಣೆಯಲ್ಲಿ. ಫಾರಂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ಪೀಡ್ ಪೋಸ್ಟಿನಲ್ಲಿ ತಿರುಗಿತು. ಒಮ್ಮೆ ಸಹಿ ಹೊಂದುವುದಿಲ್ಲ ಅಂತ ವಾಪಸ್ ಬಂತು. ಕೌಂಟರಿನಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳು. ಅವಳೇ ಹೇಳಿದ್ದು: ಖಾತೆ ತೆರೆಯುವಾಗ 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಅನ್ನುವ ಕಡೆ ಗುರುತು ಹಾಕಿದ್ದರೆ ಇಷ್ಟು ರಗಳೆ ಇರುತ್ತಿರಲಿಲ್ಲ. ಒಂದು ಗುರುತಿಗೆ ಎರಡು ತಿಂಗಳು ಹೋಯಿತು.

ಅಷ್ಟರಲ್ಲಿ ಒಬ್ಬ ವಕೀಲ ಮಿತ್ರರು, "ಸಂಘ ರಿಜಿಸ್ಟರ್ ಮಾಡಿಸಿಬಿಡ್ರಿ" ಅಂದರು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಬೈಲಾ ಬೇಕು, ವಿಳಾಸದ ದಾಖಲೆ ಬೇಕು. ಆಮೇಲೆ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ, ಆಡಿಟ್, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದು. ಏಳು ಜನ ಕೂತು ಮಾತಾಡಿದೆವು. ಮೊದಲ ಅರ್ಧ ಗಂಟೆಯಲ್ಲೇ ಅಧ್ಯಕ್ಷರು ಯಾರು ಅನ್ನುವ ಚರ್ಚೆ ಶುರುವಾಯಿತು. ನಾನು ಅಲ್ಲೇ ಕೈ ಮುಗಿದೆ. ಸರ್ಕಾರದ ಅನುದಾನ ಬೇಕು ಅನ್ನುವವರಿಗೆ ನೋಂದಣಿ ಬೇಕೇ ಬೇಕು. ತಿಂಗಳಿಗೆ ಎರಡು-ಮೂರು ಸಾವಿರದಲ್ಲಿ ಮುಗಿಯುವ ಕೆಲಸಕ್ಕೆ ಇದು ಜಾಸ್ತಿ ಆಯಿತು ಅಂತ ನನ್ನ ಲೆಕ್ಕ. ಮೂರು ಜನರ ಹೆಸರಲ್ಲಿ ಹೊಸ ಖಾತೆ ತೆರೆದೆವು. ಈ ಸಲ ಗುರುತು ಸರಿಯಾದ ಕಡೆ ಹಾಕಿದೆ, ಎರಡು ಸಲ ಓದಿ.

ಜಾಗದ್ದು ಬೇರೆ ಗೋಳು. ಅಣ್ಣ ಕಲಿಸಿದ ಶಾಲೆಯ ಪ್ರಾರ್ಥನಾ ಹಾಲ್ 11 ವರ್ಷ ಬಾಯಿಮಾತಿನಲ್ಲೇ ಸಿಕ್ಕಿತ್ತು. ಈಗ ಅರ್ಜಿ ಕೊಡಿ ಅಂದರು, ಕೊಟ್ಟೆ. ಯಾವ ಸಂಸ್ಥೆ ಅಂತ ಕೇಳಿದರು, ಸಂಸ್ಥೆ ಇಲ್ಲ ಅಂದೆ. ಆಡಳಿತ ಮಂಡಳಿಯ ಮುಂದೆ ಇಡುತ್ತೇವೆ ಅಂದರು. ಆರು ವಾರ ಕಾದೆ. ಅವರದೇನು ತಪ್ಪು, ಅವರಿಗೆ ಅಣ್ಣ ಗೊತ್ತಿದ್ದ, ನಾನು ಗೊತ್ತಿರಲಿಲ್ಲ. ಕೊನೆಗೆ ನಿವೃತ್ತ ನೌಕರರ ಒಂದು ಕೊಠಡಿ ಸಿಕ್ಕಿತು. ಬಾಡಿಗೆ ಇಲ್ಲ, ಕಸ ಹೊಡೆಯುವವರಿಗೆ ಮತ್ತು ಕರೆಂಟಿಗೆ ಅಂತ 300 ರೂಪಾಯಿ. 60 ಕುರ್ಚಿ. ಫ್ಯಾನ್ ಹಾಕಿದರೆ ಮಾತು ಕೇಳಿಸಲ್ಲ, ಆರಿಸಿದರೆ ಮಂದಿ ಕೂರಲ್ಲ.

ಅಂಚೆ ಕಾರ್ಡಿನ ವಿಷಯ ಹೇಳದಿದ್ದರೆ ಅಣ್ಣ ಮುನಿಸಿಕೊಳ್ಳುತ್ತಾನೆ. ವಾಟ್ಸಾಪ್ ಇಲ್ಲದ 38 ಹಿರಿಯರಿಗೆ ಅವನು ಪ್ರತಿ ತಿಂಗಳು ಕೈಯಾರೆ ಕಾರ್ಡು ಬರೆಯುತ್ತಿದ್ದ. ಕಾರ್ಡಿಗೆ ಈಗಲೂ 50 ಪೈಸೆ. 38 ಕಾರ್ಡಿಗೆ 19 ರೂಪಾಯಿ, ಒಂದು ಚೀಲ ಮಂಡಾಳಕ್ಕೂ ಸಾಲದ ದುಡ್ಡು. ಆದರೆ ಸ್ಟಾಕ್ ಇರುವುದಿಲ್ಲ, ಸಿಕ್ಕಾಗ ಜಾಸ್ತಿ ತಂದಿಟ್ಟುಕೊಳ್ಳಿ. ನನ್ನ ಅಕ್ಷರ ಕಾಗೆ ಕಾಲು, ಅದಕ್ಕೆ ಅಂಗಡಿಯ ಹುಡುಗನ ಕೈಲಿ ಬರೆಸಿದೆ. ಮೂರನೇ ದಿನ ಭಾಗ್ಯನಗರದ ಅದೇ ಅಜ್ಜ ಕಾರ್ಡು ಹಿಡಿದುಕೊಂಡು ಅಂಗಡಿಗೆ ಬಂದ. "ಅಕ್ಷರ ಬ್ಯಾರೆ ಅದಾವಲ್ಲಪ್ಪ" ಅಂದ. ಹೌದು ಅಜ್ಜಾ ಅಂದೆ. ಸ್ವಲ್ಪ ಹೊತ್ತು ಗೊಬ್ಬರದ ಚೀಲದ ಮೇಲೆ ಕೂತಿದ್ದು, "ಇರಲಿ, ಬರ್ತೀನಿ" ಅಂತ ಎದ್ದು ಹೋದ. ಮುಂದಿನ ತಿಂಗಳಿಂದ ಕಾರ್ಡು ನಾನೇ ಬರೆದೆ, ಕಾಗೆ ಕಾಲಿನಲ್ಲೇ.

ನವೆಂಬರಿನಲ್ಲಿ ಮತ್ತೆ ಶುರು. ಅಶೋಕನ ಶಾಸನ. ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು, ನಮ್ಮ ಊರಲ್ಲೇ ಎರಡು ಶಾಸನ ಇವೆ. 1931ರಲ್ಲಿ ಬೆಳಕಿಗೆ ಬಂದವು. ಚಿಕ್ಕಂದಿನಲ್ಲಿ ಪಾಲ್ಕಿಗುಂಡಿನ ಮೇಲೆ ಹತ್ತಿ ಆಡಿದ್ದೇನೆ, ಆ ಬಂಡೆಯಡಿ ಏನು ಬರೆದಿದೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಉಪನ್ಯಾಸಕರು ಪ್ರಾಕೃತದ ಒಂದೊಂದು ಸಾಲು ಓದಿ ಅರ್ಥ ಹೇಳಿದರು. "ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಮೊದಲ ಒಂದು ವರ್ಷ ಅಷ್ಟು ಶ್ರಮ ಹಾಕಲಿಲ್ಲ" ಅಂತ ರಾಜನೇ ಕಲ್ಲಿನ ಮೇಲೆ ಕೊರೆಸಿಕೊಂಡಿದ್ದಾನಂತೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ನಾನು ಹಿಂದೆ ಚಹಾದ ಲೋಟ ಎಣಿಸುತ್ತಿದ್ದವನು ನಿಂತುಬಿಟ್ಟೆ. ಅವನದು ಒಂದು ವರ್ಷ. ನನ್ನದು 11.

ಅವತ್ತು 44 ಜನ. ಶ್ರದ್ಧಾಂಜಲಿ ಭಾಷಣ ಬೇಡ ಅಂತ ನಾನು ಮೊದಲೇ ಹಟ ಹಿಡಿದಿದ್ದೆ. ಒಂದು ನಿಮಿಷ ಮೌನ, ಆಮೇಲೆ ನೇರ ವಿಷಯ. ಒಬ್ಬಿಬ್ಬರಿಗೆ ಬೇಜಾರಾಯಿತು. ಆದರೆ ಮೊದಲ ಸಭೆಯನ್ನು ಅಳುವುದಕ್ಕೆ ಕೊಟ್ಟರೆ ಎರಡನೆಯದಕ್ಕೆ ಮಂದಿ ಬರುವುದಿಲ್ಲ, ಇದು ನನ್ನ ಅಭಿಪ್ರಾಯ.

ಡಿಸೆಂಬರಿನದು ಇಟಗಿಯ ಮಹಾದೇವ ದೇವಾಲಯ. 1112ರಲ್ಲಿ ಚಾಲುಕ್ಯ ರಾಜ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲೇ 'ದೇವಾಲಯ ಚಕ್ರವರ್ತಿ' ಅನ್ನುವ ಬಿರುದು. ಫೋಟೋ ತೋರಿಸಲು ಪ್ರೊಜೆಕ್ಟರ್ 800 ರೂಪಾಯಿಗೆ ಬಾಡಿಗೆ ತಂದೆ. ಲ್ಯಾಪ್‌ಟಾಪಿಗೆ ಹೊಂದುವ ಕೇಬಲ್ ಬರಲಿಲ್ಲ. ಗುಡಿಯನ್ನು ಎಲ್ಲರೂ ಫೋನಿನಲ್ಲೇ ನೋಡಿದರು. ಹಿಂದಿನ ದಿನವೇ ಒಮ್ಮೆ ಹಚ್ಚಿ ನೋಡಿ, ಬೇರೇನೂ ಹೇಳುವುದಿಲ್ಲ.

ಜನವರಿಯಲ್ಲಿ ನಾನು ಅತಿ ಬುದ್ಧಿವಂತಿಕೆ ತೋರಿಸಿದೆ. ಗವಿಸಿದ್ಧೇಶ್ವರ ಜಾತ್ರೆಗೆ ಊರಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಅದರಲ್ಲಿ ನೂರು ಜನ ನಮ್ಮ ಕಡೆ ತಿರುಗಿದರೂ ಸಾಕು ಅಂತ ಜಾತ್ರೆಯ ದಿನಗಳಲ್ಲೇ ಇಟ್ಟುಕೊಂಡೆ. ಅತ್ತಿಗೆ ಬೇಡ ಅಂದಿದ್ದರು. "ನಿಮ್ಮಣ್ಣ ಜಾತ್ರಿ ಹೊತ್ತಿನ್ಯಾಗ ಒಂದ್ ವಾರ ಮುಂದ ಹಾಕ್ತಿದ್ದರಪ್ಪ." ಕೇಳಲಿಲ್ಲ. ಸಭೆಗೆ ಬಂದವರು ಒಂಬತ್ತು ಜನ. ಅದರಲ್ಲಿ ಅತ್ತಿಗೆ, ನಾನು, ಅಂಗಡಿಯ ಹುಡುಗ ಮೂವರು. ಹೊಸಪೇಟೆ ಕಡೆಯಿಂದ ಬಂದಿದ್ದ ಸಂಶೋಧಕರು ಜಾತ್ರೆಯ ಗದ್ದಲದಲ್ಲಿ ಬಸ್ ಸಿಗದೆ ಒಂದು ಗಂಟೆ ತಡವಾಗಿ ತಲುಪಿದರು. ಕುರ್ಚಿ ಎಲ್ಲ ಖಾಲಿ ನೋಡಿ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಮೈಕ್ ಪಕ್ಕಕ್ಕಿಟ್ಟು, ಕುರ್ಚಿ ಗುಂಡಗೆ ಹಾಕಿಸಿಕೊಂಡು ಕೂತರು. ಹಿರೇಬೆಣಕಲ್ಲಿನ ಶಿಲಾಗೋರಿಗಳು, ಊರವರು ಅದನ್ನು ಮೋರ್ಯರ ಗುಡ್ಡ ಅನ್ನುವುದು, ಎತ್ತರದ ಬಂಡೆಯ ಮೇಲೆ ಕೂತ ಕಲ್ಲಿನ ನಗಾರಿ ಬಡಿದರೆ ದೂರಕ್ಕೆ ಕೇಳಿಸುವುದು, ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2021ರಲ್ಲಿ ಸೇರಿದ್ದು, ಎಲ್ಲ ಮಾತುಕತೆಯ ಹಾಗೆ ಹೇಳಿದರು. ಎರಡು ಗಂಟೆ. ನಾನು ಒಮ್ಮೆಯೂ ಗಡಿಯಾರ ನೋಡಲಿಲ್ಲ. 60 ಜನಕ್ಕೆ ಮಾಡಿಸಿದ್ದ ಮಂಡಾಳ ಒಗ್ಗರಣೆ, ಮಿರ್ಚಿ ಉಳಿದದ್ದು ಜಾತ್ರೆಗೆ ನಡೆದು ಬಂದವರಿಗೆ ಹಂಚಿದೆವು.

ಉಳಿದದ್ದು ಕಿನ್ನಾಳ. ಪುಸ್ತಕದಲ್ಲಿ ಅದರ ಮುಂದೆ ಅಣ್ಣ ಬರೆದದ್ದು ಇಷ್ಟೇ: "ಮಾತಾಡುವವರು ಯಾರು?" ಹೆಸರಿಲ್ಲ, ನಂಬರಿಲ್ಲ. ಅಣ್ಣನಿಗೂ ಗೊತ್ತಿರಲಿಲ್ಲ ಅನ್ನುವುದು ನನಗೆ ಯಾಕೋ ಸಮಾಧಾನ ಕೊಟ್ಟಿತು. ಮೂರು ಜನ ಪ್ರಾಧ್ಯಾಪಕರನ್ನು ಕೇಳಿದೆ, ಒಬ್ಬರಿಗೂ ಆ ದಿನ ಬಿಡುವಿಲ್ಲ. ಕೊನೆಗೆ ಬೈಕ್ ಹತ್ತಿ ಕಿನ್ನಾಳಕ್ಕೇ ಹೋದೆ. ನಮ್ಮಲ್ಲಿ ಬೀಜ ಒಯ್ಯುವ ರೈತರೊಬ್ಬರು ಚಿತ್ರಗಾರರ ಮನೆಗೆ ಕರೆದುಕೊಂಡು ಹೋದರು. ಗೊಂಬೆ ಮಾಡುವ ಹಿರಿಯರು ನನ್ನ ಮಾತೆಲ್ಲ ಕೇಳಿ, "ನನಗ ಭಾಷಣ ಬರಂಗಿಲ್ರಿ" ಅಂದರು. ಭಾಷಣ ನನಗೂ ಬರಲ್ಲ, ನಿಮ್ಮ ಕೆಲಸ ಅಲ್ಲಿ ಕೂತು ಮಾಡಿ ಸಾಕು ಅಂದೆ. ಅವರ ಸೊಸೆ ಒಳಗಿಂದ, "ಹೋಗಿ ಬರ್ರಿ ಮಾವಾ" ಅಂದಳು. ಅಷ್ಟಕ್ಕೆ ಒಪ್ಪಿದರು.

ಆ ಭಾನುವಾರ 60 ಕುರ್ಚಿ ಸಾಲಲಿಲ್ಲ. ಮಕ್ಕಳು ಮುಂದೆ ನೆಲದ ಮೇಲೆ ಕೂತರು. ಗೊಂಬೆಯ ಹಿರಿಯರು ಸೆಣಬಿನ ಚಿಂದಿಯ ಪುಡಿಗೆ ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ 'ಕಿಟ್ಟ' ಮಾಡಿ ತೋರಿಸಿದರು. ಹಗುರ ಮರದ ತುಂಡುಗಳನ್ನು ಅದರಿಂದ ಅಂಟಿಸುತ್ತಾ, ಗೊಂಬೆಯ ತೋಳು ಎಲ್ಲಿ ಸೇರುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಮಾತು ಶುರುವಾದದ್ದು ಯಾವಾಗ ಅಂತ ಅವರಿಗೂ ತಿಳಿಯಲಿಲ್ಲ. ಅಪ್ಪ ಕಲಿಸಿದ್ದು, ಬಣ್ಣದ ರೇಟು ಏರಿದ್ದು, ಮಗ ಬೇರೆ ಕೆಲಸಕ್ಕೆ ಹೋದದ್ದು, ಒಂದೂವರೆ ಗಂಟೆ ಹೇಳಿದರು. ಭಾಗ್ಯನಗರದ ಅಜ್ಜ ಎರಡನೇ ಸಾಲಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ.

ಖರ್ಚು ಕೇಳುವವರಿಗೆ: ನಾಲ್ಕು ಸಭೆಗೆ ಸೇರಿ 13,850 ರೂಪಾಯಿ. ಅದರಲ್ಲಿ ಗೌರವಧನ ಮತ್ತು ಪ್ರಯಾಣ ಅರ್ಧ, ತಿಂಡಿ-ಚಹಾ ಕಾಲು ಭಾಗ, ಉಳಿದದ್ದು ಜಾಗ, ಪ್ರೊಜೆಕ್ಟರ್, ಕಾರ್ಡು, ಸಣ್ಣಪುಟ್ಟ ಖರ್ಚು. ಇದಲ್ಲದೆ ಅಣ್ಣ ಬಾಕಿ ಉಳಿಸಿದ್ದ ಪ್ರೆಸ್ಸಿನ ಬಿಲ್ 4,200. ಪ್ರೆಸ್ಸಿನವರು ಬೇಡ ಅಂದರು, ಕೊಟ್ಟೆ.

ಅವತ್ತು ರಾತ್ರಿ ಕಿನ್ನಾಳದ ಮುಂದೆ ಕೆಂಪು ಗುರುತು ಹಾಕಿದೆ. ಪುಸ್ತಕ ಮುಚ್ಚಬೇಕು ಅಂತಲೇ ಶುರು ಮಾಡಿದ್ದು. ಅತ್ತಿಗೆ ಪಕ್ಕದಲ್ಲಿ ಕೂತು ಲೋಟ ಎಣಿಸಿ ಡಬ್ಬಿಗೆ ತುಂಬುತ್ತಿದ್ದರು. "ಅವರ ಬಗ್ಗೆ ಬರೆದಿಯೇನು?" ಅಂತ ಕೇಳಿದರು. ಬರೆದಿರಲಿಲ್ಲ. ಪೆನ್ನು ತಗೊಂಡು ಅಣ್ಣನ ಸಾಲಿನ ಕೆಳಗೆ ಬರೆದೆ: "ಭಾಷಣ ಬರಲ್ಲ ಅಂತಾರೆ, ನಂಬಬಾರದು. ಮೈಕ್ ಕಾಲರಿಗೆ ಸಿಕ್ಕಿಸಬೇಕು, ಕೈ ಖಾಲಿ ಇರಲ್ಲ. ಚಹಾಕ್ಕೆ ಬೆಲ್ಲ. ಸೊಸೆಯನ್ನೂ ಕರೆಯಬೇಕು."